ಮಲಗಿಸಿದ ಮಗ್ಗುಲು

ಯಂತ್ರದ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಮತ್ತೆ ಎಣ್ಣೆಯಲ್ಲಿ ತೊಯ್ದಿತ್ತು. ನಿನ್ನೆ ತಾನೇ ಉಜ್ಜಿ, ಒರೆಸಿ ಕೂರಿಸಿದ್ದಳು. ಏರ್ ಫಿಲ್ಟರನ್ನೂ ಹೊಸದಾಗಿ ಹಾಕಿದ್ದಳು. ಅದೂ ಈಗ ಎಣ್ಣೆ ಕುಡಿದು ಭಾರವಾಗಿತ್ತು. ಅಳತೆ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗೆರೆಗಿಂತ ಕೆಳಗೇ ಇದೆ. ಜಾಸ್ತಿ ಸುರಿದದ್ದಂತೂ ಅಲ್ಲ.

ಆದರೂ ಸ್ವಲ್ಪ ಮುಂಚೆ, ಆಸ್ಪತ್ರೆಯ ಹುಲ್ಲುಹಾಸಿನ ಅಂಚಿನಲ್ಲಿ ನಿಂತು ಹಗ್ಗ ಎಳೆದ ಕೂಡಲೇ ಹುಲ್ಲು ಕತ್ತರಿಸುವ ಯಂತ್ರ ಕೆಮ್ಮಿ, ನೀಲಿ ಬೆರೆತ ಬಿಳಿ ಹೊಗೆಯನ್ನು ಭಸಭಸನೆ ಕಾರಿತ್ತು. ಹೊಗೆಯ ಹಿಂದೆಯೇ ಆ ದನಿ.

"ಮತ್ತೆ ಸುರಿದ್ಯಾ? ಕೈಯಲ್ಲಿ ಹಿಡಿತ ಅನ್ನೋದೇ ಇಲ್ವಲ್ಲ ನಿಂಗೆ!"

ಗಂಡ ತೀರಿಹೋಗಿ ವರ್ಷ ಕಳೆದಿತ್ತು. ಯಂತ್ರ ಹೊಗೆ ಕಾರಿದಾಗಲೆಲ್ಲ ಅವನು ಹೇಳುತ್ತಿದ್ದ ಮಾತು ಮಾತ್ರ ಹೋಗಿರಲಿಲ್ಲ. ಎಣ್ಣೆ ತುಂಬುವುದು ಅವಳ ಕೆಲಸವಾಗಿತ್ತು. ಹಾಗಾಗಿ ತಪ್ಪೂ ಅವಳದೇ. ಕೇಳಿ ಕೇಳಿ ಅವಳೂ ನಂಬಿಬಿಟ್ಟಿದ್ದಳು. ಒಗ್ಗರಣೆಗೆ ಎಣ್ಣೆ ಬಗ್ಗಿಸುವಾಗಲೂ ಚಮಚದಲ್ಲಿ ಎರಡೆರಡು ಸಲ ಅಳೆಯುತ್ತಿದ್ದಳು.

"ಅಕ್ಕಾ, ನೀವು ಹುಲ್ಲು ಕತ್ತರಿಸ್ತಿದ್ದೀರೋ, ಸೊಳ್ಳೆ ಓಡಿಸ್ತಿದ್ದೀರೋ?" ಎನ್ನುತ್ತ ಆಸ್ಪತ್ರೆಯ ಸೂಪರ್‌ವೈಸರ್ ಹತ್ತಿರ ಬಂದ. ನಗುತ್ತಲೇ ಬಂದವನು ಮೇಲಿನ ಕಿಟಕಿಗಳತ್ತ ನೋಡಿ ದನಿ ತಗ್ಗಿಸಿದ. "ಅಲ್ಲಿರೋರೆಲ್ಲ ಉಸಿರಾಟದ ರೋಗಿಗಳು. ನಾಳೆನೂ ಹೀಗೇ ಆದ್ರೆ ಬೇರೆಯವರನ್ನ ಕರೀಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

"ಇವತ್ತೇ ಸರಿ ಮಾಡ್ತೀನಿ ಸಾರ್."

ಅತ್ತೆ ಸೊಸೆ ಇಬ್ಬರ ಹೊಟ್ಟೆ ತುಂಬುತ್ತಿದ್ದುದು ಈ ಹುಲ್ಲಿನಿಂದಲೇ. ಫಿಲ್ಟರು ಬದಲಿಸಿ, ಪ್ಲಗ್ಗು ಒಣಗಿಸಿ ಹಾಕಿದಳು. ಒಳಗಿದ್ದ ಎಣ್ಣೆ ಸುಟ್ಟುಹೋಗುತ್ತಿದ್ದಂತೆ ಹೊಗೆ ತೆಳುವಾಗುತ್ತ ನಿಂತುಹೋಯಿತು. ಆಮೇಲೆ ದಿನವೆಲ್ಲ ಯಂತ್ರ ಮೆತ್ತಗೆ ಓಡಿತು, ಏನೂ ಆಗಿಯೇ ಇಲ್ಲವೆನ್ನುವ ಹಾಗೆ. ಹಗಲಿಡೀ ಸರಿಯಾಗಿರುವುದು ಬೆಳಗಾಗುವಷ್ಟರಲ್ಲಿ ಹೇಗೆ ಕೆಡುತ್ತದೆ? ಸತ್ತವರು ಎಣ್ಣೆ ಸುರಿಯುತ್ತಾರೆಯೇ ಎಂದುಕೊಂಡಳು. ನಗು ಬರಲಿಲ್ಲ.

ಸಂಜೆ ಯಂತ್ರವನ್ನು ಹಿತ್ತಲ ಶೆಡ್ಡಿಗೆ ತಳ್ಳಿ, ಬಚ್ಚಲಿನಲ್ಲಿ ಕಾಲು ತೊಳೆಯುತ್ತಿದ್ದಾಗ ಕೇಳಿಸಿತು.

ಕರ್, ಕರ್, ಕರ್. ಸ್ವಲ್ಪ ಸುಮ್ಮನೆ. ಮತ್ತೆ ಕರ್, ಕರ್, ಕರ್.

ಯಂತ್ರದ ಅಡಿಗೆ ಅಂಟಿದ ಹುಲ್ಲನ್ನು ಅವನು ಹೀಗೆಯೇ ಕೆರೆಯುತ್ತಿದ್ದ. ನಡುವೆ ಇಷ್ಟೇ ಹೊತ್ತು ನಿಲ್ಲಿಸುತ್ತಿದ್ದ. ಈ ಸದ್ದು ಇವತ್ತಿನದಲ್ಲ. ಎಷ್ಟೋ ಸಂಜೆ ಕೇಳಿ, ಇಲಿ ಇರಬೇಕೆಂದು ತನಗೆ ತಾನೇ ಹೇಳಿಕೊಂಡು ಕದ ಹಾಕಿಕೊಂಡಿದ್ದಳು. ಇವತ್ತು ಹಾಕಿಕೊಳ್ಳುವ ಹಾಗಿರಲಿಲ್ಲ. ಒದ್ದೆ ಕಾಲಲ್ಲೇ ನಡೆದಳು.

ಶೆಡ್ಡಿನ ಮಬ್ಬಿನಲ್ಲಿ ಅವನ ಅಂಗಿ ಬಾಗಿ ಕೂತಿತ್ತು. ಅವನದೇ ಬೆನ್ನು. ಅವಳ ಗಂಟಲಿನಿಂದ ಎಂಥದೋ ಸ್ವರ ಹೊರಟಿತು.

ಬೆನ್ನು ತಿರುಗಿತು. ಅತ್ತೆ.

"ಏನೇ, ದೆವ್ವ ಕಂಡ ಹಾಗೆ ನಿಂತಿದ್ದೀಯ?"

"ನೀವಾ ಅತ್ತೆ!"

"ಮತ್ಯಾರು, ನಿನ್ನ ಗಂಡ ಬಂದ್ನಾ?" ಎಂದುಬಿಟ್ಟು ಅತ್ತೆ ಮುಖ ಆಚೆ ತಿರುಗಿಸಿದರು. ಆಮೇಲೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡರು. "ಚಳಿಗೆ ಹಾಕ್ಕೊಂಡೆ. ನೀನು ದಣಿದು ಬರ್ತೀಯ, ಇದಿಷ್ಟಾದ್ರೂ ನಾನು ಮಾಡೋಣ ಅಂತ. ಅವನು ಮಾಡ್ತಿದ್ದದ್ದನ್ನ ನೋಡಿ ನೋಡಿ ಕಲ್ತಿದ್ದೀನಿ. ಗೋಡೆಗೆ ಒರಗಿಸಿ ಮಲಗಿಸಿದ್ರೆ ಮಗು ಥರ ಇರುತ್ತೆ. ಆದ್ಮೇಲೆ ಮೊದಲಿನ ಹಾಗೇ ನಿಲ್ಲಿಸಿಬಿಡ್ತೀನಿ."

ಯಂತ್ರ ಬಲಮಗ್ಗುಲಾಗಿ ಗೋಡೆಗೆ ಒರಗಿತ್ತು. ಆ ಬದಿಯಲ್ಲಿದ್ದ ಫಿಲ್ಟರು ಕೆಳಗಾಗಿತ್ತು. ಅದರ ಮುಚ್ಚಳದ ಅಂಚಿನಿಂದ ಕಪ್ಪು ಎಣ್ಣೆಯ ಹನಿಯೊಂದು ಉದ್ದವಾಗಿ ಇಳಿಯುತ್ತಿತ್ತು.

ಅವಳು ಆ ಹನಿ ಬೀಳುವವರೆಗೂ ನೋಡಿದಳು. ಎಂಜಿನ್ನಿನ ಹೊಟ್ಟೆಯ ಎಣ್ಣೆ ಹೀಗೆ ಫಿಲ್ಟರಿಗೂ ಸಿಲಿಂಡರಿಗೂ ಜಾರಿ, ಬೆಳಿಗ್ಗೆ ಹೊಗೆಯಾಗಿ ಏಳುತ್ತಿತ್ತು. ಅಷ್ಟು ವರ್ಷ ಪ್ರತಿ ಸಂಜೆ ಮಲಗಿಸಿದವನು ಅವನು. ಪ್ರತಿ ಬೆಳಿಗ್ಗೆ ಬೈಸಿಕೊಂಡವಳು ತಾನು.

"ಇವತ್ತೂ ಹೊಗೆ ಬಂತೇನೇ?" ಅತ್ತೆ ಕೆರೆಯುತ್ತಲೇ ಕೇಳಿದರು. "ನಿನ್ನ ಕೈಗುಣ ಕಣೇ ಅದು. ಎಣ್ಣೆ ಡಬ್ಬ ಕಂಡ್ರೆ ಸುರಿದೇಬಿಡ್ತೀಯ. ಪಾಪ, ಎಷ್ಟು ಸಲ ಹೇಳ್ದ ಅವನು!"

"ಅತ್ತೆ, ನಿಮ್ಮ ಮಗ..."

"ಏನು?"

ಅತ್ತೆಯ ಮುಖ ಮೇಲೆದ್ದಿತು. ಮಗನ ಹೆಸರೆತ್ತುವವರು ಈಗ ಯಾರೂ ಇರಲಿಲ್ಲ. ಅವನ ಸುದ್ದಿ ಏನೇ ಇರಲಿ ಕೇಳುತ್ತೇನೆ ಎಂಬಂತೆ ಕಣ್ಣುಗಳು ಅಗಲವಾಗಿದ್ದವು. ಅವಳ ನಾಲಗೆಯ ತುದಿಯಲ್ಲಿ ವರ್ಷಗಳು ನಿಂತಿದ್ದವು.

"ನಿಮ್ಮ ಮಗ ಕೂಡ ಇಷ್ಟು ಚೊಕ್ಕ ಮಾಡ್ತಿರಲಿಲ್ಲ."

"ಹೋಗೇ, ಸುಳ್ಳಿ!" ಎಂದು ಅತ್ತೆ ನಾಚಿ ನಕ್ಕರು.

ಅವಳು ಯಂತ್ರವನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಳು. ಬೆಳಿಗ್ಗೆ ಬೇಗ ಎದ್ದು ಫಿಲ್ಟರು ಬದಲಿಸಿ, ಒಳಗೆ ಜಾರಿದ ಎಣ್ಣೆಯನ್ನು ಹಿತ್ತಲಲ್ಲೇ ಸುಟ್ಟು ಮುಗಿಸಬೇಕು. ಆ ದನಿಯೂ ಬಂದೇ ಬರುತ್ತದೆ. ಬರಲಿ. ಕೇಳಿಸಿಕೊಳ್ಳುವವಳು ಮಾತ್ರ ಇವತ್ತಿನವರೆಗಿನ ಹೆಂಗಸಲ್ಲ.

ಶೆಡ್ಡಿನಲ್ಲಿ ಒರಗಿಸಲು ಇದ್ದದ್ದು ಅದೊಂದೇ ಗೋಡೆ. ಇನ್ನೊಂದು ಬದಿಗೆಲ್ಲ ಹಳೆಯ ಡ್ರಮ್ಮುಗಳು. ಯಂತ್ರದ ಮೂತಿ ಒಳಗಿದ್ದರೆ ಬಲಕ್ಕೆ ಗೋಡೆ. ಮೂತಿ ಹೊರಗಾದರೆ ಎಡಕ್ಕೆ. ಆಗ ಅತ್ತೆ ಎಷ್ಟು ಹೊತ್ತು ಮಲಗಿಸಿಟ್ಟು ಕೆರೆದರೂ ಫಿಲ್ಟರು ಮೇಲೇ ಇರುತ್ತದೆ.

"ಒಳಗೆ ಬನ್ನಿ ಅತ್ತೆ, ಚಳಿ," ಎಂದಳು. ನಾಳೆಯಿಂದ ಯಂತ್ರವನ್ನು ಶೆಡ್ಡಿಗೆ ಹಿಮ್ಮುಖವಾಗಿ ತಳ್ಳುವುದೆಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಳು.