ಚಪ್ಪರದ ಉತ್ತುತ್ತೆ

ಗಂಡ ಸರ್ದಾರರ ಕೋಟಿನ ಜೇಬಿನಿಂದ ಉತ್ತುತ್ತೆಯ ಪೊಟ್ಟಣ ತೆಗೆದು ಫರೀದಾ ತಟ್ಟೆಗೆ ಸುರಿದರು. ಹೋದ ವಾರವೇ ಅವರು ತಂದಿಟ್ಟುಕೊಂಡದ್ದು. ಈಗ ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಅವರ ಮಯ್ಯತ್ತು ಇತ್ತು. ಹೊರಗೆ ಇಂಗ್ಲೆಂಡಿನ ಕೊವೆಂಟ್ರಿಯ ಜಿಟಿಜಿಟಿ ಮಳೆಯಲ್ಲಿ ಹೆಣದ ಗಾಡಿ ಕಾದಿತ್ತು.

"ಭಾಬಿ, ಇದೇನಿದು? ಸಾವಿನ ಮನೇಲಿ ನಿಕಾಹ್ ಸಿಹಿ ಹಂಚ್ತೀರಾ?" ನಾದಿನಿ ಬದ್ರುನ್ನಿಸಾ ಅಡ್ಡ ಬಂದರು. "ಜನ ಏನಂತಾರೆ?"

"ಇವತ್ತೇ ಹಂಚಬೇಕು. ಅವರು ಬಾಗಿಲು ದಾಟಿದ ಮೇಲೆ ಹಂಚಿ ಏನು ಬಂತು?"

ಮಗ ಯಾಸಿರ್ ಒಳಗೆ ಇಣುಕಿದ. "ಅಮ್ಮೀ, ನಮಾಜಿಗೆ ಕಾಯ್ತಿದ್ದಾರೆ. ಕಬರಸ್ತಾನದ ಸ್ಲಾಟ್ ಮಿಸ್ ಆಗುತ್ತೆ. ಪ್ಲೀಸ್."

*

1963ರ ನವೆಂಬರ್. ಕೋಲಾರದ ಚಪ್ಪರದಲ್ಲಿ ಸರ್ದಾರ್-ಫರೀದಾರ ನಿಕಾಹ್ ಆಗಷ್ಟೇ ಮುಗಿದಿತ್ತು. ಹಂಚಲು ಉತ್ತುತ್ತೆಯ ಬುಟ್ಟಿ ಎತ್ತುವ ಹೊತ್ತಿಗೆ ಎದುರಂಗಡಿಯ ರೇಡಿಯೊ ಹಿಂದಿನ ದಿನ ಅಮೆರಿಕದಲ್ಲಿ ಅಧ್ಯಕ್ಷ ಕೆನಡಿಯ ಕೊಲೆಯಾಯಿತೆಂದಿತು. ಚಪ್ಪರಕ್ಕೆ ಚಪ್ಪರವೇ ಅತ್ತ ಓಡಿತು. ಬುಟ್ಟಿಯನ್ನು ಕೇಳುವವರಿಲ್ಲ. ಪರದೆಯ ಹಿಂದೆ ಮದುಮಗಳು ಒಬ್ಬಳೇ ಕೂತು ಅತ್ತಳು.

ಕಾರಿನ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತ ಬದುಕು ಸವೆಸಿದ ಸರ್ದಾರ್ ಹೂವು, ಕೇಕು ತಂದವರಲ್ಲ. ಪ್ರತಿ ನವೆಂಬರಿನಲ್ಲೂ ಟಿವಿಯಲ್ಲಿ ಕೆನಡಿ ಗುಂಡೇಟು ತಿಂದ ಆ ಉದ್ದನೆಯ ತೆರೆದ ಕಾರು ತೋರಿಸಿದ ಮರುದಿನ, ಹೆಂಡತಿಯ ಅಂಗೈಯಲ್ಲಿ ಒಂದು ಉತ್ತುತ್ತೆ ಇಡುತ್ತಿದ್ದರು.

"ಅಮೆರಿಕದವರದು ನಿನ್ನೆ, ನಮ್ಮದು ಇವತ್ತು. ತಿನ್ನು."

"ನನಗೊಬ್ಬಳಿಗೇನಾ? ಚಪ್ಪರದೋರಿಗೆ?"

"ಒಂದಿನ ಎಲ್ಲರನ್ನೂ ಹಿಡಿದು ಕೂರಿಸಿ ತಿನ್ನಿಸ್ತೀನಿ, ನೋಡ್ತಿರು."

*

"ದಾದಿ, ನಿನ್ನೆ ಟಿವೀಲಿ ಆ ಕಾರ್ ಬಂತು," ಮೊಮ್ಮಗಳು ಆಯಿಝಾ ಮೆಲ್ಲಗೆ ಅಂದಳು. "ಸೋ ಟುಡೇ ಈಸ್ ಯುವರ್ ಡೇ."

ತಟ್ಟೆ ಎತ್ತಿಡಲು ಚಾಚಿದ ಬದ್ರುನ್ನಿಸಾರ ಕೈ ಅದರ ಅಂಚಿನಲ್ಲೇ ನಿಂತಿತು. ಆ ನಿಕಾಹಿನ ದಿನ ಅವರು ಲಂಗ ಎತ್ತಿಕೊಂಡು ಓಡಾಡುವ ಹುಡುಗಿ.

"ನಾನೂ ಓಡಿದ್ದೆ ಭಾಬಿ, ರೇಡಿಯೊ ಹತ್ರ," ಅಂದರು. "ನೀವು ಒಳಗಿದ್ದೀರಿ ಅಂತ ಯಾರಿಗೂ ನೆನಪಾಗ್ಲಿಲ್ಲ." ಒಂದು ಉತ್ತುತ್ತೆ ಬಾಯಿಗಿಟ್ಟುಕೊಂಡು, ತಟ್ಟೆ ಕಿತ್ತುಕೊಂಡು, ತಾವೇ ಗಂಡಸರ ನಡುವೆ ಹೋದರು. "ತಗೊಳ್ರೋ! ನಮ್ಮಣ್ಣನ ನಿಕಾಹಿಂದು. ತಿನ್ನದೆ ಯಾರೂ ಹೆಗಲು ಕೊಡೋ ಹಾಗಿಲ್ಲ. ಯಾಸಿರ್, ನಿನಗೂ ಸೇರಿಸಿ!"

ಒಣಗಿದ ಉತ್ತುತ್ತೆ ಬೇಗ ಮೆದುವಾಗುವ ವಸ್ತುವಲ್ಲ. ಪೆಟ್ಟಿಗೆ ಹೆಗಲೇರಿತು. ಹೆಂಗಸರು ಮನೆಯಲ್ಲೇ ಉಳಿಯುವ ರೂಢಿ. ಫರೀದಾ ಕಿಟಕಿಗೆ ಬಂದು ನಿಂತರು. ಹೊತ್ತವರೆಲ್ಲರ ಒಂದೊಂದು ಕೆನ್ನೆ ಉಬ್ಬಿತ್ತು. ಮುಂದಿದ್ದ ಯಾಸಿರ್ ಅಳುತ್ತಲೇ ಅಗಿಯುತ್ತಿದ್ದ.

ಗಾಡಿ ತಿರುವಿನಲ್ಲಿ ಮರೆಯಾಯಿತು. ಪ್ರತಿ ನವೆಂಬರಿನಂತೆ ಚಾಚಿದ ಫರೀದಾರ ಅಂಗೈ ಮಾತ್ರ ಇನ್ನೂ ಖಾಲಿಯೇ ಇತ್ತು.