ಶಿವರುದ್ರಮ್ಮನ ಎರಡನೇ ವಾಯ್ಸ್ ಮೆಸೇಜ್

ಹಾಗಲವಾಡಿ ಕಡೆಯ ನಮ್ಮೂರಲ್ಲಿ ಶಿವರುದ್ರಮ್ಮನಿಗೆ ಫೋನ್ ಹೊಸದು, ಅವಸರ ಹಳೆಯದು. ಮೊನ್ನೆ ಅವರ ಮೊಮ್ಮಗಳು ಬಾಗಿಲಲ್ಲಿ ಆಡುತ್ತಿದ್ದಳು. ಟೋಪಿ ಹಾಕಿದ್ದ ಒಬ್ಬರು ಬೈಕ್ ನಿಲ್ಲಿಸಿ, ಮಗುವನ್ನು ಏನೋ ಕೇಳಿ ಹೊರಟುಹೋದರು. ಒಳಗಿಂದ ನೋಡಿದ ಶಿವರುದ್ರಮ್ಮ ಕೂಡಲೇ ಮಹಿಳಾ ಸಂಘದ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಬಿಟ್ಟರು: "ಸಾಬ್ರವ್ನು ಒಬ್ಬ ಬಂದವ್ನೆ ಕಣ್ರಮ್ಮ. ಇವ್ರು ಮಕ್ಳ ಕಳ್ರು. ಎಲ್ಲಾರ್ಗೂ ಕಳ್ಸಿ."

ಎಲ್ಲರೂ ಕಳಿಸಿದೆವು. ನಾನೂ ಕಳಿಸಿದೆ. ಇಂಥದ್ದಕ್ಕೆ ನಮ್ಮ ಕೈ ಬಲು ಚುರುಕು. ಅರ್ಧ ಗಂಟೆಯಲ್ಲಿ ಪಕ್ಕದೂರಿನವರು ಆ ಬೈಕ್ ತಡೆದು, ಕೀ ಕಿತ್ತುಕೊಂಡು, ಅವರನ್ನು ಅರಳಿಕಟ್ಟೆಯಲ್ಲಿ ಕೂರಿಸಿದರು. ಜನ ಸೇರತೊಡಗಿದರು.

ಸುದ್ದಿ ಕೇಳಿ ಆಶಾ ಕಾರ್ಯಕರ್ತೆ ಪ್ರೇಮಲತಾ ಶಿವರುದ್ರಮ್ಮನ ಮನೆಗೆ ಓಡಿಬಂದಳು.

"ಅಕ್ಕ, ಕಟ್ಟೇಲಿ ಕೂರ್ಸಿರೋರು ಗುಬ್ಬಿಯ ದಸ್ತಗೀರ್, ಕುಕ್ಕರ್ ರಿಪೇರಿ ಮಾಡೋರು. ಪೊಲೀಸ್ರಿಗೆ ಫೋನ್ ಮಾಡಿದೀನಿ. ನೀವು ಕಣ್ಣಾರೆ ಏನ್ ನೋಡಿದ್ರಿ?"

"ಮಗೀನ ಮಾತಾಡಿಸ್ದ."

"ಏನಂತ?"

ಮೊಮ್ಮಗಳೇ ಹೇಳಿದಳು: "ಕುಕ್ಕರ್ ಕೆಟ್ಟೈತಾ ಅಜ್ಜೀನ ಕೇಳು ಅಂದ್ರು. ಇಲ್ಲ ಅಂದೆ, ಹೋದ್ರು."

"ಪಾತ್ರೆ ಮಾರೋ ಚಿಕ್ಕಮಾರಯ್ಯ ಹಿಂಗೇ ಕೇಳಿದ್ರೆ ಏನಂತಿದ್ರಿ ಅಕ್ಕ?"

"ವ್ಯಾಪಾರಕ್ಕೆ ಬಂದವ್ನೆ ಅಂತಿದ್ದೆ." ಶಿವರುದ್ರಮ್ಮ ಹೊಸಿಲ ಮೇಲೆ ಕೂತುಬಿಟ್ಟರು. "ಆದ್ರೂ ಎಲ್ಲಾ ಅಂಗೇ ಹೇಳ್ತಾರಲ್ಲ ಪ್ರೇಮಾ."

"ನಾವೂ ಹೇಳೋದಕ್ಕೇ ಅದು ನಿಜ ಅನ್ಸೋದು. ಒಬ್ಬ ಕಳ್ಳತನ ಮಾಡಿದ್ರೆ ಅವನೊಬ್ಬನೇ ಕಳ್ಳ. 'ಇವ್ರು' ಅಂತ ಎಲ್ರಿಗೂ ಪಟ್ಟ ಕಟ್ಟಿದ್ರೆ ಏನೂ ಮಾಡ್ದೋರು ಏಟು ತಿಂತಾರೆ. ಈಗ ಡಿಲೀಟ್ ಮಾಡಿದ್ರೆ ಸಾಲ್ದು. ಜನ ನಿಮ್ ದನಿ ನಂಬವ್ರೆ, ನಿಮ್ ದನೀಲೇ ಹೇಳಿ."

"ಮರ್ಯಾದೆ ಹೋಯ್ತದೆ ಕಣಮ್ಮ."

"ಅಲ್ಲಿ ಒಬ್ರ ಜೀವ ಹೋಗ್ಬೋದು ಅಕ್ಕ."

ಶಿವರುದ್ರಮ್ಮ ಫೋನ್ ಒತ್ತಿದರು. "ನಾನು ಶಿವರುದ್ರಮ್ಮ. ನಾನ್ ಹೇಳಿದ್ದು ಸುಳ್ಳು. ದಸ್ತಗೀರ್ ಅವ್ರು ಕುಕ್ಕರ್ ರಿಪೇರಿಗೆ ಬಂದಿದ್ರು. ಅವ್ರನ್ನ ಬುಡಿ. ತಪ್ಪು ನಂದು. ಇದನ್ನೂ ಎಲ್ಲಾರ್ಗೂ ಕಳ್ಸಿ."

ಆಮೇಲೆ ಪ್ರೇಮಲತಾಳ ಸ್ಕೂಟರ್ ಹತ್ತಿ ಕಟ್ಟೆಗೆ ಹೋದರು. ಅಷ್ಟರಲ್ಲಿ ಎರಡನೇ ಮೆಸೇಜ್ ಕೇಳಿದ ಪಕ್ಕದೂರಿನವರು ಕೀ ವಾಪಸ್ ಕೊಟ್ಟಿದ್ದರು. "ತಪ್ಪಾಯ್ತು ಕಣಪ್ಪ" ಎಂದು ಶಿವರುದ್ರಮ್ಮ ಕೈಮುಗಿದರು.

ದಸ್ತಗೀರ್ ಮೆಲ್ಲಗೆ ಹೇಳಿದರು: "ನಿಮ್ ದನಿ ಕೇಳಿ ಹಿಡಿದ್ರು, ನಿಮ್ ದನಿ ಕೇಳಿ ಬಿಟ್ರು. ಒಪ್ಕೊಂಡ್ರಲ್ಲ, ಅದು ದೊಡ್ಡದು ಅಮ್ಮ. ಆದ್ರೆ ಮೊದಲ್ನೇ ಮಾತು ಇನ್ನೂ ಎಲ್ಲೆಲ್ಲಿ ಓಡಾಡ್ತಿದ್ಯೋ. ನಾಳೆ ನಾನು ಯಾವೂರಿಗೆ ಹೋಗ್ಲಿ?"



ಅಕ್ಕಂದಿರೇ, ಅಣ್ಣಂದಿರೇ, ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು. ಕಂಡಿದ್ದನ್ನಷ್ಟೇ ಹೇಳಿ. ಒಬ್ಬರ ತಪ್ಪನ್ನು ಇಡೀ ಧರ್ಮದ ತಲೆಗೆ ಕಟ್ಟಬೇಡಿ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ, ಗ್ರೂಪಿಗಲ್ಲ. ಸುಳ್ಳು ಮೆಸೇಜ್ ಬಂದರೆ "ಇದು ಸುಳ್ಳು" ಎಂದು ಅದೇ ಗ್ರೂಪಿನಲ್ಲಿ ಹೇಳಿ. ದಸ್ತಗೀರ್ ನಾಳೆ ನಿಮ್ಮೂರಿಗೇ ಬರಬಹುದು. ಹೆಸರು ಹಿಡಿದು ಕರೆಯಿರಿ.