ಗಾಜಿನ ಮಾವ

ನಮ್ಮ ಸೋದರಮಾವ ರಸ್ತೆಯಲ್ಲಿ ಒಬ್ಬರೇ ಬರುವಾಗಲೂ, ಪಕ್ಕದಲ್ಲಿ ಅದೃಶ್ಯನಾದ ಯಾರೋ ಇನ್ನೊಂದು ತುದಿ ಹಿಡಿದಿದ್ದಾನೆ ಎಂಬಂತೆ, ಎಡಭುಜ ಮುಂದೆ ಮಾಡಿಕೊಂಡು ತುಸು ಓರೆಯಾಗಿ ನಡೆಯುತ್ತಿದ್ದರು. ದೊಡ್ಡ ಕಟ್ಟಡಗಳಿಗೆ ಗಾಜು ಹೊತ್ತು ಕೂರಿಸುವ ತಂಡಕ್ಕೆ ಅವರು ಮೇಸ್ತ್ರಿ. ಅರ್ಧ ಆಯುಷ್ಯ ಗಾಜಿನ ಜೊತೆ ಹೆಜ್ಜೆ ಹಾಕಿದವರ ನಡಿಗೆ ಮತ್ತೆ ನೆಟ್ಟಗಾಗುವುದಿಲ್ಲವಂತೆ. ಬೇಸಿಗೆಯಲ್ಲೂ ಮೈಮೇಲೊಂದು ದಪ್ಪ ಕೋಟು, ಅದರ ತೋಳಿಗೆ ಚರ್ಮದ ತೇಪೆ. ನಾವೆಲ್ಲ ಅವರನ್ನು ಗಾಜಿನ ಮಾವ ಎಂದೇ ಕರೆಯುತ್ತಿದ್ದೆವು.

ಅವರದೊಂದು ವಿಚಿತ್ರ ಹಟ. ಮನೆಯಲ್ಲಿ ಯಾರ ಕೈಯಿಂದ ಏನು ಜಾರಿದರೂ, ಅದು ಪಿಂಗಾಣಿ ಬಟ್ಟಲಾಗಲಿ ಸ್ಟೀಲ್ ಲೋಟವಾಗಲಿ, "ಹಿಡೀಬೇಡ, ಕೈ ತೆಗಿ!" ಎಂದು ಸೂರು ಹಾರಿಹೋಗುವಂತೆ ಕೂಗುತ್ತಿದ್ದರು, ಒಡೆದ ಮೇಲೆ ಮಾತ್ರ ತುಟಿಪಿಟಕ್ ಎನ್ನುತ್ತಿರಲಿಲ್ಲ. "ಇವರ ಪುಣ್ಯದಿಂದ ಪಾತ್ರೆ ಅಂಗಡಿಯವನು ಮಹಡಿ ಮನೆ ಕಟ್ಟಿಸಿದ," ಎಂದು ಅತ್ತೆ ಹಂಗಿಸುತ್ತಿದ್ದರು. ಕಾರಣ ಹೇಳಿದ್ದು ನನ್ನಮ್ಮ. ಮಾವ ಚಿಕ್ಕವರಿದ್ದಾಗ ಅಜ್ಜಿ, ಜಾರಿದ ಗಾಜಿನ ಜಾಡಿಯನ್ನು ಗಬಕ್ಕನೆ ಹಿಡಿಯಲು ಹೋಗಿ ಎರಡು ಬೆರಳಿನ ನರ ಕತ್ತರಿಸಿಕೊಂಡಿದ್ದರು. ಜಾಡಿಯ ಮೇಲಿನ ಆಸೆಗಲ್ಲ, ಅಜ್ಜನ ಬೈಗುಳದ ಭಯಕ್ಕೆ. ಮಡಚಲಾಗದ ಆ ಬೆರಳುಗಳ ಕೈಯಿಂದಲೇ ತಲೆ ಬಾಚಿಸಿಕೊಂಡು ಬೆಳೆದ ಮಾವ, ಗಾಜು ಒಡೆದವರನ್ನು ಯಾರೂ ಬೈಯಬಾರದೆಂಬ ಕಾನೂನನ್ನು ತಮ್ಮ ತಂಡಕ್ಕೆ ಹಾಕಿದ್ದರು.

ಒಮ್ಮೆ ಸಭಾಭವನವೊಂದರ ಮುಂಬಾಗಿಲಿಗೆ ಆಳೆತ್ತರ ಮೀರಿದ ಗಾಜು ಬಂದಿತ್ತು. ಗಾಜಿನ ಕಂಪನಿಯ ಮಾಲೀಕರು ನೋಡುತ್ತಿದ್ದಂತೆಯೇ ಮೆಟ್ಟಿಲ ಮೇಲೆ ಒಬ್ಬನ ಕಾಲು ಜಾರಿತು. "ಬಿಡ್ರೋ!" ಎಂದರು ಮಾವ. ಎಲ್ಲರೂ ಒಟ್ಟಿಗೆ ಕೈ ತೆಗೆದು ಹಿಂದೆ ಹಾರಿದರು. ಗಾಜು ಪುಡಿಪುಡಿಯಾಯಿತು, ಯಾರಿಗೂ ಒಂದು ಗೀರು ಕೂಡ ಇಲ್ಲ.

"ಯಾರ ಕಾಲು ಜಾರಿದ್ದು?" ಮಾಲೀಕರು ಕೆಂಡವಾದರು.

"ಬಿಡಿ ಅಂದೋನು ನಾನು. ಬೈಯೋದಿದ್ರೆ ನನ್ನ ಬೈರಿ," ಎಂದರು ಮಾವ.

"ಹೆಸರು ಹೇಳು. ಇಲ್ಲಾಂದ್ರೆ ನಾಳೆಯಿಂದ ನೀನು ಮೇಸ್ತ್ರಿ ಅಲ್ಲ."

"ಆಗ್ಲಿ. ಹೊರೋದಂತೂ ಗೊತ್ತು, ಹೊರ್ತೀನಿ."

ಮರುದಿನ ಬುತ್ತಿ ಕೊಡಲು ಹೋದಾಗ ನಾನೇ ಕಣ್ಣಾರೆ ಕಂಡೆ. ಹೊಸ ಮೇಸ್ತ್ರಿ "ಎತ್ತಿ, ಎತ್ತಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದಾನೆ. ಗಾಜಿನ ಅಂಚಿಗೆ ಕೈಯಿಟ್ಟ ಅಷ್ಟೂ ಜನ ಮಾವನ ಮುಖ ನೋಡುತ್ತ ನಿಂತಿದ್ದಾರೆ. "ಎತ್ರಪ್ಪಾ, ಅವ್ರು ಹೇಳ್ತಿದಾರಲ್ಲ," ಎಂದರು ಮಾವ ಮೆತ್ತಗೆ. ಗಾಜು ಎದ್ದಿತು. ಇವರು ನಮ್ಮ ಮಾವ ಎಂದು ದಾರಿಹೋಕರಿಗೆಲ್ಲ ಕೂಗಿ ಹೇಳಬೇಕೆನಿಸುವಷ್ಟು ಹೆಮ್ಮೆಯಾಯಿತು ನನಗೆ.

ಆಮೇಲೆ ಮುಂದಾಳುಗಳನ್ನು ಬಹಳ ನೋಡಿದ್ದೇನೆ. ಜನರಿಂದ ಭಾರ ಹೊರಿಸಬಲ್ಲವರು ಬೇಕಾದಷ್ಟಿದ್ದಾರೆ. ಅಪಾಯದ ಕ್ಷಣದಲ್ಲಿ ಅದನ್ನು ನಿರ್ಭಯವಾಗಿ ಕೆಳಗೆ ಹಾಕುವ ಧೈರ್ಯವನ್ನು ಮೊದಲೇ ಕೊಟ್ಟಿಟ್ಟವರು ತೀರ ವಿರಳ. ಅಂಥವರ ಕೈಕೆಳಗೆ ದುಡಿದವರು ಸಂಜೆ ಮನೆಗೆ ಹೋಗಿ, ಹತ್ತೂ ಬೆರಳುಗಳಿಂದ ತಮ್ಮ ಮಕ್ಕಳನ್ನು ಎತ್ತಿಕೊಳ್ಳುತ್ತಾರೆ.